ಎರಡಂಗುಲ ಬಿಡು

ಏಣಿ ಹಾಕುವ ಮೊದಲೇ ಎಕ್ಸಿಲ್ಡಾ ಹೇಳಿಬಿಟ್ಟಳು:
"ಮೇಲೇನೂ ತಪ್ಪಿರಲಾರದು,
ನನ್ನ ಗಂಡ ಮಾಡಿದ ಕೆಲಸ."
ತಲೆಯಾಡಿಸಿದೆ. ಈ ಕಣಿವೆಯಲ್ಲಿ
ಪ್ರತಿ ಅಟ್ಟವೂ ಯಾರದೋ ಗಂಡ ಮಾಡಿದ ಕೆಲಸವೇ.

ನವೆಂಬರ್. ನದಿ ಅಂಚಿನಿಂದ ಹೆಪ್ಪುಗಟ್ಟುತ್ತಿದೆ.
ಆಚೆ ದಡ ಕೆನಡಾ, ಈಚೆ ದಡ ಮೇಯ್ನ್,
ಹೊಗೆಗೆ ಮಾತ್ರ ಪಾಸ್‌ಪೋರ್ಟ್ ಕೇಳುವವರಿಲ್ಲ.

ಮೊಣಕಾಲ ಮೇಲೆ ಸರಿದೆ.
ಹಣೆಯ ದೀಪದ ಮುಂದೆ ಬೂದುಬಣ್ಣದ ಹಿಮ:
ಹಳೇ ಪತ್ರಿಕೆ ಅರೆದು ಮಾಡಿದ ಕಾಗದದ ಹತ್ತಿ,
ಹದಿನಾಲ್ಕು ಅಂಗುಲ ದಪ್ಪ,
ಚಿಮಣಿಯ ಇಟ್ಟಿಗೆಗೆ ಕೆನ್ನೆಯೊತ್ತಿ ಮಲಗಿತ್ತು.
ಮಲಗಿದ್ದಲ್ಲ, ತುರುಕಿದ್ದು.
ಮೊದಲು ಬೆರಳಿನಿಂದ, ಆಮೇಲೆ ಪೊರಕೆಯ ಹಿಡಿಯಿಂದ,
ಇರುವೆ ನುಸುಳದಂತೆ.
ಪ್ರೀತಿಯಿಲ್ಲದವರು ಹೀಗೆ ತುರುಕುವುದಿಲ್ಲ.

ಬಗೆದೆ. ಮೇಲೆ ಬೂದು,
ಗೇಣು ಕೆಳಗೆ ಕಂದು,
ಇಟ್ಟಿಗೆ ತಾಕುವಲ್ಲಿ ಕಾಫಿಪುಡಿ.
ಚೂರುಗಳಲ್ಲಿ ಅಕ್ಷರ ಇನ್ನೂ ಬದುಕಿದ್ದವು:
ಪೀಪಾಯಿ ಆಲೂಗಡ್ಡೆಗೆ ಇಷ್ಟು ಡಾಲರ್,
ಯಾರೋ ಒಬ್ಬರು ದೀರ್ಘಕಾಲದ ಅಸ್ವಸ್ಥ—

ಪಕ್ಕದ ತೊಲೆಗೆ ಸ್ಕ್ರೂಡ್ರೈವರ್ ಊರಿದೆ.
ಒಣ ರಸ್ಕಿನೊಳಗೆ ಇಳಿದಂತೆ ಇಳಿಯಿತು.

ಮರ ಒಂದೇ ದಿನಕ್ಕೆ ಹೊತ್ತಿಕೊಳ್ಳುವುದಿಲ್ಲ ಅಂತ
ಮೊದಲ ವರ್ಷವೇ ಕಲಿಸಿದ್ದ ರೊಸೇರ್.
ಚಳಿಗಾಲಕ್ಕೊಂದು ಪಾಠ ಓದುತ್ತದೆ ಅದು.
ಕಾವಿಗೆ ಹೊರದಾರಿ ಇಲ್ಲದಿದ್ದರೆ
ಮರದೊಳಗಿನ ನೀರು ಹೋಗುತ್ತದೆ, ಆಮೇಲೆ ಅಂಟು,
ಆಮೇಲೆ ಮರವೇ ಹೋಗುತ್ತದೆ,
ಮರದ ಆಕಾರವನ್ನು ಕಾವಲಿಗೆ ಬಿಟ್ಟು.
ಇಪ್ಪತ್ತು ಚಳಿಗಾಲ ಓದಿದ ಇದ್ದಿಲಿಗೆ
ಕಿಡಿಯೂ ಬೇಕಿಲ್ಲ.
ತುಸು ಜೋರಾಗಿ ಒಲೆ ಉರಿದ
ಒಂದು ಮಂಗಳವಾರ ರಾತ್ರಿ ಸಾಕು.

"ಏನಾದರೂ ಇದೆಯೇನೇ?" ಕೆಳಗಿನಿಂದ ಅವಳು.
"ಸ್ವಲ್ಪ ಬಿಗಿಯಾಗಿದೆ," ಅಂದೆ.

ಇಟ್ಟಿಗೆ ಚಿಮಣಿಗೆ ಎರಡಂಗುಲ,
ಜೋಡಿಗೋಡೆಯ ಗ್ಯಾಸ್ ಕೊಳವೆಗೆ ಒಂದು,
ಒಂಟಿ ತಗಡಿನ ಒಲೆಕೊಳವೆಗೆ ಹದಿನೆಂಟು.
ಮಗ್ಗಿಯ ಹಾಗೆ ಉರುಹೊಡೆಸಿದ್ದ ರೊಸೇರ್.
ಅವನ ಹೆಬ್ಬೆರಳು ಸರಿಯಾಗಿ ಎರಡಂಗುಲ. ನನ್ನದು ಸಾಲದು,
ಅದಕ್ಕೇ ಜೇಬಿನಲ್ಲೊಂದು ಮರದ ತುಂಡು.

ಕಾಫಿ ಕೊಡುತ್ತಾ ಕೇಳಿದಳು:
"ಖಾಲಿ ಬಿಟ್ಟರೆ ಚಳಿ ಇಳಿಯುವುದಿಲ್ಲವೇ?
ಅದಕ್ಕೇ ತಾನೇ ಫಿಲಿಯಾಸ್ ತುಂಬಿದ್ದು.
ಆ ವರ್ಷ ಕೂಸಿಗೆ ಕೆಮ್ಮು,
ತೊಟ್ಟಿಲು ಚಿಮಣಿಯ ಪಕ್ಕದಲ್ಲೇ ಇತ್ತು."

ಹೇಳಿದೆ: ಬುಡದಲ್ಲಿ ತಗಡು ಮುಚ್ಚುತ್ತೇನೆ,
ಬೆಂಕಿಗೆ ಜಗ್ಗದ ಕೆಂಪು ಅಂಟು ಸಂದಿಗೆ, ಗಾಳಿ ಬರದು.
ಸುಟ್ಟ ತೊಲೆ ಕತ್ತರಿಸಿ ಹೊಸದನ್ನು ಆಚೆ ಸರಿಸುತ್ತೇನೆ.
ಸುತ್ತ ತಗಡಿನದೇ ಎತ್ತರದ ಕೊರಳಪಟ್ಟಿ,
ಹತ್ತಿ ಅದರಾಚೆ ನಿಲ್ಲಬೇಕು.
"ನಡುವೆ?"
ನಡುವೆ ಏನೂ ಇಲ್ಲ.
"ಅದಕ್ಕೆಷ್ಟು?"
ಏನೂ ಇಲ್ಲದ್ದಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ ಅಂದೆ.
ನಕ್ಕಳು, ಮೊದಲ ಸಲ.

ಇದರಿಂದ ಸಂಸಾರಕ್ಕೊಂದು ನೀತಿ ಹಿಂಡಬಹುದಿತ್ತು.
ಹಿಂಡಲಿಲ್ಲ. ಬೆನ್ನು ನೋಯುತ್ತಿತ್ತು,
ನಾಲ್ಕಕ್ಕೇ ಕತ್ತಲೆ.

ತೆಗೆದ ಹತ್ತಿ ಏಳು ಚೀಲವಾಯಿತು.
ಒಂದರ ಬಾಯಿ ಬಿಚ್ಚಿ ಅವಳು ಕೈ ಇಳಿಸಿದಳು,
ಮೊಣಕೈವರೆಗೆ, ಹಿಟ್ಟಿನ ಡಬ್ಬಿಗೆ ಇಳಿಸಿದ ಹಾಗೆ.
ಹಾಗೇ ನಿಂತಳು. ನಾನು ಉಪಕರಣ ಎಣಿಸಿದೆ,
ಎಣಿಸಿದ್ದನ್ನೇ ಮತ್ತೆ ಎಣಿಸಿದೆ.

ಕೊನೆಗೆ ಕೊರಳಪಟ್ಟಿಯ ಮೇಲೆ ದಪ್ಪ ಶಾಯಿಯಲ್ಲಿ
"ಇಲ್ಲಿ ತುಂಬಬೇಡಿ" ಎಂದು ಇಂಗ್ಲಿಷಿನಲ್ಲಿ ಬರೆಯುವೆನೆಂದೆ,
ಹಾಗೇ ನಿಯಮ.
ತಡೆದಳು. ತೋಳಿಗಂಟಿದ ಬೂದಿಯನ್ನು ಕೊಡವದೆ ಅಂದಳು:
"ಫ್ರೆಂಚಿನಲ್ಲೂ ಬರಿ.
ನಮ್ಮವರೇ ಯಾರಾದರೂ, ಮತ್ತೊಂದು ಚಳಿಗೆ,
ಪ್ರೀತಿಯಿಂದ ಹತ್ತಿ ಬಂದಾರು."